ಪಿಯತಿಲಕನ ಸರದಿ

"ಇಲ್ಲ ಕಣಮ್ಮಾ, ಪಿಯತಿಲಕ ಅನ್ನೋರು ನಮ್ ಬ್ಯಾಚಲ್ಲಿ ಇರ್ಲೇ ಇಲ್ಲ," ಎಂದು ವಿಜೇಪಾಲ ಫೋನಿನಲ್ಲಿ ಕೂಗುತ್ತಿದ್ದ. ಆ ಕಡೆಯ ಮುದುಕಿಗೆ ಕಿವಿ ಮಂದವೋ ಹಟವೋ ತಿಳಿಯುವಂತಿರಲಿಲ್ಲ. ಪೇಪರಿನಲ್ಲಿ ಪ್ರಕಟಣೆ ನೋಡಿದೆ, ಎಲ್ಲರನ್ನೂ ಕರೆದಿದ್ದೀರಿ, ನನ್ನ ಮಗನನ್ನು ಮಾತ್ರ ಬಿಟ್ಟಿದ್ದೀರಿ ಎಂದು ಅದನ್ನೇ ಹೇಳುತ್ತಿದ್ದಳು.

"ಬಿಬಿಲೆಯಿಂದ ಮಾತಾಡ್ತಿದೀನಿ ಮಗಾ," ಎಂದಳು ಕೊನೆಗೆ.

"ಎಲ್ಲಿಂದಾದ್ರೂ ಮಾತಾಡಿ!" ಎಂದು ಅವನು ಫೋನು ಕುಕ್ಕಿದ.

ಊಟದ ಮೇಜಿನ ತುಂಬ ಹಳೆಯ ಫೋಟೋಗಳು ಹರಡಿದ್ದವು. ಮುಂದಿನ ತಿಂಗಳು ಯೂನಿವರ್ಸಿಟಿಯ ಬ್ಯಾಚಿನವರೆಲ್ಲ ಕ್ಯಾಂಡಿಯಲ್ಲಿ ಸೇರುವುದಿತ್ತು. ಒಬ್ಬೊಬ್ಬರದೂ ಅಂದಿನ ಮುಖ, ಇಂದಿನ ಮುಖ ಪರದೆಯ ಮೇಲೆ ಬರಬೇಕು. ಅವರು ವೇದಿಕೆ ಹತ್ತಿ ಏನಾದೆವು, ಎಲ್ಲಿದ್ದೇವೆ, ಮಕ್ಕಳೆಷ್ಟು ಎಂದು ಹೇಳಬೇಕು. ಸತ್ತವರಿಗೆ ಕೊನೆಯಲ್ಲಿ ದೀಪ, ಎರಡು ನಿಮಿಷ ಮೌನ. ಎಲ್ಲ ವಿಜೇಪಾಲನದೇ ಏರ್ಪಾಡು. ಕುರುಣೇಗಲದ ಸ್ಕೂಲೊಂದರಲ್ಲಿ ಪ್ರಿನ್ಸಿಪಾಲನಾಗಿದ್ದ ಅವನಿಗೆ ಯಾವುದೂ ಸಾಲು ತಪ್ಪಬಾರದು. ತಪ್ಪಿದರೆ ಮೈ ಉರಿಯುತ್ತಿತ್ತು.

"ಸುಮ್ನೆ ಇಟ್ರಾ ನಿಂಗೆ ಮೆಣಸಿನಕಾಯಿ ಅಂತ ಹೆಸ್ರು?" ಎಂದಳು ಫೋಟೋ ಆರಿಸಲು ಬಂದಿದ್ದ ನಂದಾವತಿ. ಅವಳೂ ಅದೇ ಬ್ಯಾಚು, ಅದೇ ಊರಿನ ಬ್ಯಾಂಕಿನಲ್ಲಿ ಮ್ಯಾನೇಜರು. "ಮುದುಕಿ ಜೊತೆ ನಾಲ್ಕು ಮಾತು ನೆಟ್ಟಗೆ ಆಡಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ನೀ ಬಾಯಿ ಮುಚ್ಚೇ ಸೈಕಲ್ಲು. ಆ ಫೋಟೋ ಕೊಡು."

ಕ್ಯಾಂಪಸ್ಸಿನಲ್ಲಿ ಮೊದಲ ವಾರ ಸೀನಿಯರುಗಳು ಇಟ್ಟ ಹೆಸರೇ ಹೆಸರು. ಅಪ್ಪ ಅಮ್ಮ ಇಟ್ಟದ್ದು ಪರೀಕ್ಷೆಗೆ ಮಾತ್ರ. ನಾಲ್ಕು ವರ್ಷ ಒಟ್ಟಿಗೆ ಉಂಡವರೇ ಒಬ್ಬರ ಮದುವೆಯ ಕರೆಯೋಲೆ ಇನ್ನೊಬ್ಬರಿಗೆ ಬಂದಾಗ, ಇದು ಯಾರಪ್ಪ ಎಂದು ತಲೆ ಕೆರೆದುಕೊಂಡದ್ದುಂಟು.

ನಂದಾವತಿ ಕೊಟ್ಟ ಫೋಟೋದಲ್ಲಿ ಎಳನೀರು ನಗುತ್ತಿದ್ದ. ಸೀನಿಯರುಗಳು ಬಲವಂತವಾಗಿ ತಲೆ ಬೋಳಿಸಿದಾಗ ಕೆತ್ತಿಟ್ಟ ಎಳನೀರಿನ ಹಾಗೆ ಕಂಡಿದ್ದಕ್ಕೆ ಆ ಹೆಸರು. ಮುಂದೆ, ಬಂಡಾಯವೆದ್ದು ಕ್ಯಾಂಪಸ್ಸು ಮುಚ್ಚಿದ ವರ್ಷ, ಸರ್ಕಾರದ ಪಡೆಯವರು ಊರೂರಿನ ಹುಡುಗರನ್ನು ಜೀಪಿನಲ್ಲಿ ಎತ್ತಿಕೊಂಡು ಹೋದಾಗ ಅವನನ್ನೂ ಒಯ್ದಿದ್ದರು. ಮೂವತ್ತು ವರ್ಷವಾದರೂ ಸುದ್ದಿಯಿಲ್ಲ. ವಿಜೇಪಾಲ ಫೋಟೋವನ್ನು ಸತ್ತವರ ಕಡೆ ಇಟ್ಟ.

"ಕೆಳಗೆ ಹೆಸ್ರು ಬೇಕಲ್ಲ. ಎಳನೀರು ಅಂತ ಬರ್ದು ದೀಪ ಹಚ್ಚೋಕಾಗತ್ತಾ? ಅವನ ಹೆಸ್ರೇನೇ?"

"ನನ್ನ ಕೇಳ್ತೀಯಾ? ಎರಡು ವರ್ಷ ಒಂದೇ ರೂಮಲ್ಲಿ ಬಿದ್ಕೊಂಡಿದ್ದೋನು ನೀನು."

ವಿಜೇಪಾಲನಿಗೆ ಎಷ್ಟು ತಿಣುಕಿದರೂ ಹೊಳೆಯಲಿಲ್ಲ. ನಂದಾವತಿ ಫೋಟೋವನ್ನು ಮತ್ತೆ ಕೈಗೆತ್ತಿಕೊಂಡಳು.

"ರಜೆ ಮುಗಿಸಿ ಬರೋವಾಗ ಚೀಲದ ತುಂಬ ಕಿತ್ತಳೆ ತರ್ತಿದ್ದ. ಬಿಬಿಲೆ ಕಿತ್ತಳೆ," ಎಂದಳು ನಿಧಾನವಾಗಿ. ಆಮೇಲೆ ಅವಳು ಫೋನಿನ ಕಡೆ ನೋಡಿದಳು. ಅವನೂ ನೋಡಿದ.

ಭಾನುವಾರ ಇಬ್ಬರೂ ನಂದಾವತಿಯ ಕಾರಿನಲ್ಲಿ ಬಿಬಿಲೆಗೆ ಹೋದರು. ದಾರಿಯುದ್ದಕ್ಕೂ ವಿಜೇಪಾಲ ಮಾತು ಹೊಂದಿಸುತ್ತಿದ್ದ. ಕ್ಷಮೆ ಕೇಳುವುದು, ಕರೆಯುವುದು, ದೀಪವನ್ನು ಆಕೆಯ ಕೈಯಿಂದಲೇ ಹಚ್ಚಿಸುವುದು. ಇದರಲ್ಲಿ ತಪ್ಪೇನಿದೆ ಎಂದು ಅವನು ಎರಡು ಸಲ ಕೇಳಿದ. ನಂದಾವತಿ ಗೇರು ಬದಲಿಸಿದಳು.

ಪಿಯತಿಲಕನ ತಾಯಿ ಹೀನ್‌ಮೆಣಿಕೆ ಸಣ್ಣ ಆಳು, ಗಟ್ಟಿ ಧ್ವನಿ. ಫೋನಿನಲ್ಲಿ ಬೈಸಿಕೊಂಡದ್ದನ್ನು ಎತ್ತಲೇ ಇಲ್ಲ. ಹಾಲಿಲ್ಲದ ಕಡು ಚಹಾ, ಕಚ್ಚಿಕೊಳ್ಳಲು ಬೆಲ್ಲದ ತುಂಡು ತಂದಿಟ್ಟು ಎದುರಿಗೆ ಕೂತಳು.

"ಎಳನೀರು ಅಂತಿದ್ರಾ ಅವನ್ನ?" ಎಂದು ಬಾಯಿ ತುಂಬ ನಕ್ಕಳು. "ನಂಗೆ ಹೇಳ್ಲೇ ಇಲ್ಲ ಕಳ್ಳ. ನೀವೆಲ್ಲ ಏನೇನಾದ್ರಿ ಮಗಾ?"

ವಿಜೇಪಾಲ ಹೇಳಿದ. ಯಾರೋ ಕಾರ್ಯದರ್ಶಿ, ಯಾರೋ ರಾಯಭಾರಿ ಕಚೇರಿಯಲ್ಲಿ, ಒಬ್ಬ ಪುಸ್ತಕ ಬರೆದು ಬಹುಮಾನ ತಗೊಂಡ. ಆಕೆ ಪ್ರತಿಯೊಂದಕ್ಕೂ ತನ್ನದೇ ಮಕ್ಕಳ ಸುದ್ದಿ ಕೇಳಿದ ಹಾಗೆ ತಲೆದೂಗಿದಳು.

"ಅವತ್ತು ನಮ್ಮೋನ ಬಗ್ಗೆ ಏನು ಹೇಳ್ತೀರಿ?"

"ಅಮ್ಮಾ..." ಅವನು ಹೊಂದಿಸಿದ್ದ ಮಾತೆಲ್ಲ ಹಾರಿಹೋಗಿ ಬರಿಯ ತಿರುಳು ಬಾಯಿಗೆ ಬಂತು. "ಅವನನ್ನ ತೀರಿಕೊಂಡೋರ ಜೊತೆ ಹಾಕಿದೀವಿ. ದೀಪ ನೀವೇ ಹಚ್ಚಬೇಕು."

"ನೀ ನೋಡ್ದಾ?"

"ಏನನ್ನ?"

"ಅವನು ಸತ್ತಿದ್ದನ್ನ."

"ಅಲ್ಲಮ್ಮಾ, ಮೂವತ್ತು ವರ್ಷ ಆಯ್ತಲ್ಲ..."

"ವರ್ಷ ಎಣಿಸೋಕೆ ನಂಗೂ ಬರತ್ತೆ," ಎಂದಳು ಹೀನ್‌ಮೆಣಿಕೆ. ಧ್ವನಿ ಏರಲಿಲ್ಲ. "ನಾನೇನು ಹುಚ್ಚಿಯಲ್ಲ ಮಗಾ. ಬಾಗಿಲು ತೆಗೆದಿಟ್ಟು ಕಾಯ್ತಾ ಕೂತಿಲ್ಲ. ಆದ್ರೆ ಎತ್ಕೊಂಡು ಹೋದೋರು ಇದ್ದಾರಲ್ಲ, ಅವ್ರು ಬಂದು ಬಾಯಿ ಬಿಟ್ಟು ಹೇಳ್ಲಿ, ಹಿಂಗೆ ಮಾಡಿದ್ವಿ, ಇಲ್ಲಿ ಹೂತ್ವಿ ಅಂತ. ಅದಾದ್ಮೇಲೆ ಭಿಕ್ಕುಗಳನ್ನ ಕರೆದು ದಾನ ಕೊಡ್ತೀನಿ, ದೀಪಾನೂ ಹಚ್ತೀನಿ. ಅವ್ರು ಹೇಳಬೇಕಾದ ಮಾತನ್ನ ಅವ್ರ ಪರವಾಗಿ ನೀನ್ಯಾಕೆ ಹೇಳ್ತೀಯ?"

ವಿಜೇಪಾಲನಿಗೆ ಸಿಟ್ಟು ಬಂತು. ಯಾರ ಮೇಲೆಂದು ಹುಡುಕಿದ, ಸಿಗಲಿಲ್ಲ. ಬೆಲ್ಲದ ತುಂಡನ್ನು ಕಟಕ್ಕೆಂದು ಕಡಿದ.

"ಹಂಗಾದ್ರೆ ಏನು ಹೇಳ್ಬೇಕು, ಅದನ್ನಾದ್ರೂ ಹೇಳಿ!"

"ನೀ ಯಾಕೆ ಹೇಳ್ತೀಯ? ಸರದಿ ಬಂದಾಗ ಕೂಗು. ನಾ ಬಂದು ಹೇಳ್ತೀನಿ."

ಕಾರು ತಿರುಗಿಸುವಾಗ ನಂದಾವತಿ, "ಕಮಿಟಿಯೋರು ಒಪ್ತಾರಾ?" ಎಂದಳು. "ಒಪ್ಪದೇ ಇದ್ರೆ ಕ್ಯಾಂಡಿ ಕೆರೆಗೆ ಬಿದ್ಕೊಳ್ಲಿ," ಎಂದ ವಿಜೇಪಾಲ.

ಕಮಿಟಿಯವರು ಸುಲಭಕ್ಕೆ ಒಪ್ಪಲಿಲ್ಲ. ಸಂತೋಷದ ದಿನ ಹಳೆಯ ಗಾಯ ಯಾಕೆ ಕೆದಕಬೇಕು ಎಂದರು. ಸಭೆಗೆ ದೊಡ್ಡ ಅಧಿಕಾರಿಗಳು ಬರುತ್ತಾರೆ ಎಂದರು. ಮೆಣಸಿನಕಾಯಿ ಅವರನ್ನೆಲ್ಲ ಅವರವರ ಕ್ಯಾಂಪಸ್ಸಿನ ಹೆಸರು ಹಿಡಿದು ಬೈದ. ಅವನ ಬಾಯಿಗೆ ಹೆದರಿ ಸುಮ್ಮನಾದರು.

ಆ ದಿನ ಹೀನ್‌ಮೆಣಿಕೆ ನೇರಳೆ ಬಣ್ಣದ ಸೀರೆಯುಟ್ಟು ಬಂದಳು. ಆ ವಯಸ್ಸಿನ ಹೆಂಗಸರು ಉಡುವ ಬಿಳಿ ಉಟ್ಟಿರಲಿಲ್ಲ. ನಂದಾವತಿ ಪಕ್ಕದಲ್ಲಿ ಕೂರಿಸಿಕೊಂಡಳು. ಬೆಳಗಿನ ಹಾಲನ್ನ, ಎಣ್ಣೆಯಲ್ಲಿ ಕರಿದ ಸಿಹಿ ಕವುಮ್ ಮುಗಿದ ಮೇಲೆ ಒಬ್ಬೊಬ್ಬರೇ ವೇದಿಕೆ ಹತ್ತಿದರು. ನಿರ್ದೇಶಕ, ಇಬ್ಬರು ಮಕ್ಕಳು, ಚಪ್ಪಾಳೆ. ವಕೀಲೆ, ಒಬ್ಬಳು ಮೊಮ್ಮಗಳು, ಚಪ್ಪಾಳೆ. ಅಡ್ಡಹೆಸರು ಕೂಗಿ ಶಿಳ್ಳೆ ಹಾಕುವವರು ಹಾಕುತ್ತಿದ್ದರು.

"ಪಿಯತಿಲಕ," ಎಂದು ವಿಜೇಪಾಲ ಕೂಗಿದ. ಸಭೆಯಲ್ಲಿ ಯಾರು ಯಾರು ಎಂದು ಗುಸುಗುಸು ಎದ್ದಿತು. ಪರದೆಯ ಎಡಭಾಗದಲ್ಲಿ ಬೋಳುತಲೆಯ ಹುಡುಗ ಮೂಡಿದ, ಬಲಭಾಗ ಖಾಲಿ. ಗುಸುಗುಸು ಅಲ್ಲಿಗೇ ನಿಂತಿತು.

ಹೀನ್‌ಮೆಣಿಕೆ ಮೈಕಿನ ಮುಂದೆ ನಿಂತಳು. ಅದು ಅವಳ ಹಣೆಯ ಮಟ್ಟಕ್ಕಿತ್ತು. ವಿಜೇಪಾಲ ಇಳಿಸಿಕೊಟ್ಟ.

"ನಾನು ಪಿಯತಿಲಕನ ಅಮ್ಮ. ಅವನು ಡಿಗ್ರಿ ಮುಗಿಸ್ಲಿಲ್ಲ. ಮದುವೆ ಆಗ್ಲಿಲ್ಲ. ಕೆಲ್ಸ ಇಲ್ಲ. ಈಗ ಎಲ್ಲಿದಾನೆ ಅಂತ ನಮಗೆ ಇನ್ನೂ ಯಾರೂ ಹೇಳಿಲ್ಲ. ಅಷ್ಟೇ. ಎಲ್ಲಾರೂ ಚೆನ್ನಾಗಿರಿ."

ಕೆಲವರು ಚಪ್ಪಾಳೆಗೆ ಕೈ ಎತ್ತಿ ಹಾಗೇ ಇಳಿಸಿದರು. ಕೆಲವರು ಎದ್ದು ನಿಂತು, ಸತ್ತವರಿಗಲ್ಲವೇ ನಿಲ್ಲುವುದು ಎಂದುಕೊಂಡು ಅರ್ಧಕ್ಕೇ ಕೂತರು. ಏನು ಮಾಡಿ ಎಂದು ಹೇಳಬೇಕಾಗಿದ್ದವನು ವಿಜೇಪಾಲನೇ. ಅವನಿಗೆ ತಿಳಿಯಲಿಲ್ಲ.

"ಮುಂದಿನೋರ್ನ ಕೂಗು ಮಗಾ," ಎಂದು ಹೀನ್‌ಮೆಣಿಕೆ ಅವನ ತೋಳು ತಟ್ಟಿದಳು.

"ಪ್ರೇಮಸಿರಿ," ಎಂದ ವಿಜೇಪಾಲ.

ಮೆಲ್ಬೋರ್ನಿನಿಂದ ಬಂದಿದ್ದ ಪ್ರಾಧ್ಯಾಪಕ ಪ್ರೇಮಸಿರಿ ಮೆಟ್ಟಿಲ ಬುಡದವರೆಗೆ ಬಂದ. ಇಳಿಯುತ್ತಿದ್ದ ಮುದುಕಿಯ ಮೊಣಕೈ ಹಿಡಿದ. ಅವಳು ಮೊದಲು ಒಂದು ಕಾಲು, ಆಮೇಲೆ ಇನ್ನೊಂದು ಕಾಲು ಇಟ್ಟು ಇಳಿದಳು. ಅವನು ತಿರುಗಿ ವೇದಿಕೆ ಹತ್ತದೆ ಅವಳ ಜೊತೆಗೇ, ಅವಳದೇ ನಡಿಗೆಯಲ್ಲಿ, ಹಿಂದಿನ ಸಾಲಿನತ್ತ ನಡೆದ. ಮೇಲೆ ಪರದೆಯಲ್ಲಿ ಅವನು ಪದವಿಯ ಗೌನು ತೊಟ್ಟು ನಗುತ್ತಿದ್ದ. ಇಳಿಸಿದ ಮೈಕು ಇಳಿಸಿದಂತೆಯೇ ನಿಂತಿತ್ತು.