ತಡೆದಿಟ್ಟ ಎಕ್ಕ

ಭಾವ ತೀರಿಕೊಂಡ ಮೇಲೆ ಗಡಿಯಾರ ರಿಪೇರಿಯ ಮುದುಕ ಬ್ರಿಜ್ ಇಸ್ಪೀಟಾಟವನ್ನೇ ಬಿಟ್ಟಿದ್ದ. ಮದುವೆಯಾದಾಗಿನಿಂದ ಎದುರು ಕೂತು ಆಡಿದ ಜೊತೆಗಾರನಿಲ್ಲದೆ ಎಲೆ ಮುಟ್ಟಲು ಅವನಿಗೆ ಮನಸ್ಸೇ ಬರುತ್ತಿರಲಿಲ್ಲ. ಇವತ್ತು ಭಾವನ ಮಗಳು ಬಿಡದೆ ಎಳೆದು ತಂದು, ಕ್ಲಬ್ಬಿನ ಕಿಟಕಿ ಪಕ್ಕದ ಅದೇ ಮೇಜಿನಲ್ಲಿ ತಾನೇ ಎದುರು ಕೂತಿದ್ದಳು.

ಎದುರಾಳಿ ದರ್ಜಿ, ತುರುಫಿಲ್ಲದೆ ಹದಿಮೂರು ಸುತ್ತುಗಳಲ್ಲಿ ಒಂಬತ್ತನ್ನು ಗೆಲ್ಲುತ್ತೇನೆಂದು ಕೂಗಿದ್ದ. ಅವನ ಜೊತೆಗಾರ ಮೇಜಿನ ಮೇಲೆ ಬಿಚ್ಚಿಟ್ಟ ಎಲೆಗಳಲ್ಲಿ ಡೈಮಂಡಿನ ರಾಜ, ರಾಣಿ, ಗುಲಾಮ, ಹತ್ತು, ಒಂಬತ್ತು ಸಾಲಾಗಿದ್ದವು. ದರ್ಜಿ ರಾಜನನ್ನು ಆಡಿಸಿದ. ಹುಡುಗಿ ಸಣ್ಣ ಎಲೆ ಹಾಕಿದಳು. ರಾಣಿಗೂ ಅಷ್ಟೇ. ಎಕ್ಕ ದರ್ಜಿಯ ಹತ್ತಿರವೇ ಇದೆ, ಕಥೆ ಮುಗಿಯಿತು ಎಂದುಕೊಂಡ ಮುದುಕ. ಗುಲಾಮ ಬಿದ್ದಾಗ ಹುಡುಗಿ ಮೆಲ್ಲಗೆ ಎಕ್ಕ ಇಳಿಸಿದಳು! ಅಷ್ಟರಲ್ಲಿ ದರ್ಜಿಯ ಕೈಯಲ್ಲಿ ಡೈಮಂಡ್ ಖಾಲಿಯಾಗಿತ್ತು. ಬಿಚ್ಚಿಟ್ಟ ಎಲೆಗಳಲ್ಲಿ ಬೇರೆ ದೊಡ್ಡದೊಂದೂ ಇಲ್ಲದೆ, ಮೇಜಿನ ಮೇಲೆ ಉಳಿದ ಡೈಮಂಡುಗಳನ್ನು ತಲುಪಲು ಅವನಿಗೆ ದಾರಿಯೇ ಇರಲಿಲ್ಲ. ಸೋತ.

"ಹೀಗೆ ಎಕ್ಕ ತಡೆದಿಡೋದನ್ನ ಯಾರಮ್ಮಾ ಕಲಿಸಿದ್ದು?" ಮುದುಕ ಕೇಳಿದ.

"ಅಪ್ಪ. 'ನಿಮ್ಮ ಮಾವ ಎಕ್ಕ ಸಿಕ್ಕಿದ್ರೆ ಕೆಂಡ ಹಿಡಿದವನ ಹಾಗೆ ಎಸೆದುಬಿಡ್ತಾನೆ, ನೀನು ಹಾಗೆ ಮಾಡ್ಬೇಡ' ಅಂತಿದ್ರು."

ಮುದುಕ ಹೊಟ್ಟೆ ಹಿಡಿದುಕೊಂಡು ನಕ್ಕ. ಭಾವನ ಬೈಗುಳ ಕಿವಿಗೆ ಬಿದ್ದು ಎಷ್ಟು ಕಾಲವಾಗಿತ್ತು! ಕಣ್ಣೊರೆಸಿಕೊಂಡು, "ಇನ್ನೂ ಏನೇನು ಬೈತಿದ್ದ, ಎಲ್ಲಾ ಹೇಳು" ಎನ್ನುತ್ತ ಎಲೆ ಕಲಸತೊಡಗಿದ.