ನಿಂತು ನಿಂತು ಬರುವ ಕೈ

ಅಮ್ಮನ ಬಲಗೈ ಗಾಳಿಯಲ್ಲಿ ಅರ್ಧಕ್ಕೇ ನಿಂತುಬಿಟ್ಟಿತ್ತು. ಮುಖ ಚೌಕ ಚೌಕವಾಗಿ ಒಡೆದುಹೋಗಿತ್ತು. ಪರದೆಯ ನಡುವೆ ಬಿಳಿಯ ಚಕ್ರವೊಂದು ಮಾಡಲು ಬೇರೆ ಕೆಲಸವಿಲ್ಲದವರಂತೆ ಸುತ್ತುತ್ತಲೇ ಇತ್ತು.

"ಸುತ್ತು, ಸುತ್ತು. ಇವತ್ತೇ ಸಿಕ್ತಾ ನಿನಗೆ?" ಎಂದು ಫೋನಿಗೆ ಬೈದು, ಕಿಡಿ ಅದನ್ನು ಕಿಟಕಿಯ ಸರಳುಗಳ ಹತ್ತಿರ ಹಿಡಿದ. ಅವನ ಮೂಗಿನ ತುದಿಯ ಸಿಟ್ಟು ನೋಡಿ ಲಾಂಡ್ರಿಯವರೇ ಇಟ್ಟ ಹೆಸರು ಅದು. ಹೋಟೆಲುಗಳ ಹಾಸಿಗೆ ಬಟ್ಟೆ ಒಗೆಯುವ ಆ ಲಾಂಡ್ರಿಯ ಹಿಂದೆಯೇ ಕೆಲಸಗಾರರ ಕೋಣೆ. ಒಂದರ ಮೇಲೊಂದು ಕಬ್ಬಿಣದ ಮಂಚ, ಬಾಗಿಲ ಮೇಲಿನ ಹಲಗೆಯಲ್ಲಿ ಎಲ್ಲರ ಪಾಲಿಗೂ ಒಂದೇ ವೈಫೈ ಡಬ್ಬಿ.

ಚಿತ್ರ ನಿಂತರೂ ಆಸ್ಪತ್ರೆಯಲ್ಲಿ ಫೋನು ಹಿಡಿದಿದ್ದ ಚಿಕ್ಕಮ್ಮನ ದನಿ ಮಾತ್ರ ಬರುತ್ತಿತ್ತು. "ಕೇಳ್ತಿದೆಯೇನೋ ಮಗಾ? ನಿಮ್ಮಮ್ಮ ಏನೋ ಹೇಳ್ತಾನೇ ಇದಾಳೆ. ನಂಗೆ ಊಟ, ನಿದ್ದೆ, ಬಾ, ಹೋಗು ಅಷ್ಟೇ ತಿಳಿಯೋದು. ಇದು ಅದ್ಯಾವುದೂ ಅಲ್ಲ."

"ಫೋನ್ ಅಲ್ಲಾಡಿಸ್ಬೇಡ ಚಿಕ್ಕಮ್ಮಾ. ಅವಳ ಕೈ ತೋರಿಸು, ಕೈ!"

"ಕೈಯೇ ಕಣೋ ತೋರಿಸ್ತಿರೋದು. ನನ್ನ ಮುಖ ಯಾರಿಗೆ ಬೇಕಾಗಿದೆ?"

ಮೇಲಿನ ಮಂಚದಿಂದ ಡ್ರೈಯರ್ ನೋಡಿಕೊಳ್ಳುವ ಅಜ್ಜ ತಲೆ ಇಳಿಬಿಟ್ಟು, "ಚಿತ್ರ ಆಫ್ ಮಾಡ್ಬಿಟ್ಟು ಬರೀ ಮಾತಾಡಪ್ಪಾ, ಸರಾಗ ಬರುತ್ತೆ" ಎಂದ.

"ಮಾತಾಡಿ ಯಾರ ಕಿವಿಗೆ ಹಾಕ್ಲಿ? ನಿನ್ನ ಕಿವಿಗಾ?"

ಅಜ್ಜ ತಲೆ ಒಳಗೆಳೆದುಕೊಂಡ. ಕಿಡಿಯ ತಾಯಿಗೆ ಹುಟ್ಟಿನಿಂದ ಕಿವಿ ಕೇಳದು, ಮಾತು ಬಾರದು. ಶಾಲೆಗೆ ಕಳಿಸುವ ಗೋಜಿಗೆ ಯಾರೂ ಹೋಗಿರಲಿಲ್ಲವಾದ್ದರಿಂದ ಅಕ್ಷರವೂ ಬಾರದು. ಅವಳೂ ಮಗನೂ ಒಲೆಯ ಮುಂದೆ, ಹಾಸಿಗೆಯ ಮೇಲೆ, ಜಗಳದ ನಡುವೆ ತಾವೇ ಕಟ್ಟಿಕೊಂಡದ್ದು ಅವರ ಕೈಮಾತು. ಅದನ್ನು ಪೂರ್ತಿ ಬಲ್ಲವರು ಈ ಲೋಕದಲ್ಲಿ ಅವರಿಬ್ಬರೇ. ಸಕ್ಕರೆ ಕಾಯಿಲೆಯಿಂದ ಅವಳ ಬಲಗೈಯ ಬೆರಳುಗಳು ಕಪ್ಪಾಗಿದ್ದವು. ಸಂಜೆಯೊಳಗೆ ಆ ಕೈಯನ್ನು ಮಣಿಕಟ್ಟಿನವರೆಗೆ ತೆಗೆಯುತ್ತೇವೆಂದು ಡಾಕ್ಟರು ಹೇಳಿದ್ದರು. ಅಷ್ಟರೊಳಗೆ ಅದು ಮಗನಿಗೆ ಏನೋ ಹೇಳಬೇಕಿತ್ತು. ಕಿಡಿ ರಜೆ ಕೇಳಲು ಹೋದಾಗ ಮೇಲ್ವಿಚಾರಕ, "ನೀನು ಹೋಗಿ ಕೈ ಉಳಿಸ್ತೀಯೇನು?" ಎಂದಿದ್ದ. ಇಂಥ ಬಾಯಿಗೆ ಸಂಬಳ ಕೊಟ್ಟು ಸಾಕುತ್ತಾರೆ.

"ಮನೆ!" ಎಂದು ಕಿಡಿ ಕೂಗಿದ.

ಆ ಕೋಣೆಯ ಕಟ್ಟಳೆ ಅದು. ಯಾರಾದರೂ "ಮನೆ" ಎಂದು ಕೂಗಿದರೆ ಉಳಿದವರೆಲ್ಲ ತಮ್ಮ ವೈಫೈ ಆರಿಸಿ ಅವನಿಗೆ ದಾರಿ ಬಿಡಬೇಕು. ಯಾಕೆಂದು ಯಾರೂ ಕೇಳುವಂತಿಲ್ಲ. ಒಬ್ಬನ ಸಿನಿಮಾ ನಿಂತಿತು, ಇನ್ನೊಬ್ಬನ ಕ್ರಿಕೆಟ್ಟು ನಿಂತಿತು. ಚಕ್ರ ಮಾತ್ರ ನಿಲ್ಲಲಿಲ್ಲ.

ಇಸ್ತ್ರಿ ಮಾಡುವ ದೊರೆ ತನ್ನ ಮಂಚದಿಂದ ಎದ್ದು ಬಂದ. ಕೋಣೆಯಲ್ಲಿ ಹೊಸ ಫೋನಿದ್ದದ್ದು ಅವನೊಬ್ಬನ ಬಳಿ. ಅದನ್ನು ದಿನವೂ ಬಟ್ಟೆಯಿಂದ ಒರೆಸುತ್ತಿದ್ದ, ದೊರೆ ಎಂಬ ಹೆಸರು ಅದಕ್ಕೇ ಬಂದದ್ದು. "ತಗೋ, ನನ್ನದರಲ್ಲಿ ಮಾಡು" ಎಂದು ಫೋನು ಚಾಚಿದ.

"ನಿನ್ನದು ಮುಟ್ಟಿದ್ರೆ ಸೋಪ್ ಹಾಕಿ ಕೈ ತೊಳ್ಕೋಬೇಕು."

"ಅದು ತಮಾಷೆ ಕಣೋ. ಇನ್ನೂ ಹಿಡ್ಕೊಂಡಿದೀಯಾ?"

"ನಮ್ಮಮ್ಮ ನಿನಗೆ ತಮಾಷೆನಾ?"

ಹಿಂದಿನ ವಾರ ಕಿಡಿ ಅಮ್ಮನೊಡನೆ ಕೈಮಾತಾಡುತ್ತಿದ್ದಾಗ ದೊರೆ ಅವನ ಬೆನ್ನ ಹಿಂದೆ ನಿಂತು ಹಾಗೆಯೇ ಕೈ ಕುಣಿಸಿದ್ದ. ಕೋಣೆಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು. ದೊರೆ ಈಗ ಚಾಚಿದ ಕೈ ಹಿಂದೆಗೆದು ಮಂಚಕ್ಕೆ ಮರಳಿದ.

ಕಿಡಿ ಕರೆ ಕತ್ತರಿಸಿ ಫೋನನ್ನು ಆರಿಸಿ ಮತ್ತೆ ಹಚ್ಚಿದ. ಹಳೆಯ ಫೋನು, ಮುದುಕರು ಮೆಟ್ಟಿಲು ಹತ್ತಿದ ಹಾಗೆ ಎದ್ದಿತು. ವೈಫೈ ಹೆಸರನ್ನು ಅಳಿಸಿ, ಹೊಸದಾಗಿ ಸೇರಿಸಿ, ಗುಪ್ತಪದವನ್ನು ಸಿಟ್ಟಿನಲ್ಲಿ ತಪ್ಪು ಒತ್ತಿ, ಮತ್ತೆ ಒತ್ತಿದ. ಸ್ಟೂಲು ಎಳೆದು ಡಬ್ಬಿಗೆ ಕೆನ್ನೆ ತಾಗುವಷ್ಟು ಹತ್ತಿರ ನಿಂತು ಮತ್ತೆ ಕರೆ ಮಾಡಿದ. ಅಮ್ಮ ಬಂದಳು, ಕೈ ಎತ್ತಿದಳು, ನಿಂತುಹೋದಳು. ಮತ್ತೆ ಬಂದಾಗ ಕೈ ಆಗಲೇ ಇಳಿದಿತ್ತು. ನಡುವಿನದೆಲ್ಲ ಎಲ್ಲಿ ಹೋಯಿತೋ.

ಸ್ಟೂಲಿನಿಂದ ನೋಡಿದರೆ ದೊರೆ ಹೊದಿಕೆಯೊಳಗೆ. ಕಿಡಿಯ ನೆತ್ತಿಗೆ ಬೆಂಕಿ ಹತ್ತಿತು. ಒಂದೇ ನೆಗೆತಕ್ಕೆ ಇಳಿದು ಹೊದಿಕೆ ಎಳೆದ. "ಕದ್ದು ನೋಡ್ತಿದೀಯಾ? ಬೇರೆಯವರ ಮನೆ ಉರೀವಾಗ ಸಿನಿಮಾನಾ ನಿಂಗೆ?"

ದೊರೆಯ ಫೋನು ದಿಂಬಿನ ಪಕ್ಕದಲ್ಲಿ ಮಕಾಡೆ ಬಿದ್ದಿತ್ತು. ತಿರುಗಿಸಿದರೆ ವೈಫೈ ಆರಿತ್ತು.

"ನೋಡಿ ಆಯ್ತಾ?" ದೊರೆ ಎದ್ದು ಕುಳಿತ. "ಈಗ ನಿನ್ನದು ತೋರಿಸು." ಎರಡೂ ಫೋನುಗಳನ್ನು ತೊಡೆಯ ಮೇಲಿಟ್ಟು ತನ್ನದರ ವೈಫೈ ಹಚ್ಚಿದ. "ನಮ್ಮ ಡಬ್ಬಿಗೆ ಹೆಸರು ಎರಡು. ನನ್ನದರಲ್ಲಿ ಎರಡೂ ಕಾಣುತ್ತೆ. ನಿಂದರಲ್ಲಿ ಒಂದೇ. ಎರಡನೇದು ವೇಗದ್ದು, ಅದು ಹಳೇ ಫೋನಿಗೆ ಕಾಣೋದೇ ಇಲ್ಲ. ಒಂದನೇದರಲ್ಲಿ ಅಕ್ಕಪಕ್ಕದ ಕಟ್ಟಡದ ಡಬ್ಬಿಗಳೆಲ್ಲ ನುಗ್ಗಿವೆ, ಸಂತೆ ಅದು. ನಾವಿಷ್ಟು ಜನ ಆರಿಸಿದ್ರೆ ಏನಾಗುತ್ತೆ? ನೀನು ಬೈದ್ರೆ ತಾನೇ ಏನಾಗುತ್ತೆ?"

ಕಿಡಿಗೆ ಬೈಯಲು ಯಾರೂ ಉಳಿಯಲಿಲ್ಲ. ಮಂಚದ ತುದಿಗೆ ಕುಳಿತು, ಚಿಕ್ಕಮ್ಮನ ನಂಬರನ್ನು ಒಂದೊಂದೇ ಅಂಕಿಯಾಗಿ ಹೇಳಿದ.

ಕರೆ ಹೋದದ್ದೇ ತಡ, ಆಸ್ಪತ್ರೆಯ ಹಾಸಿಗೆ ಕನ್ನಡಿಯಲ್ಲಿ ಕಂಡಂತೆ ಕಂಡಿತು. ಗೋಡೆಯ ಬಣ್ಣ ಕಿತ್ತುಹೋದದ್ದು, ಅಮ್ಮನ ಹಣೆಯ ಬೆವರು, ಎಲ್ಲವೂ. ಬಲಗೈಯ ಜಾಗದಲ್ಲಿ ಮೊಣಕೈವರೆಗೆ ಬಿಳಿ ಬಟ್ಟೆಯ ದಪ್ಪ ಗಂಟು. ಬಟ್ಟೆಯ ನೂಲು ನೂಲೂ ಎಣಿಸುವಂತಿತ್ತು.

"ಈಗ ಬಂದ್ಯೇನೋ?" ಎಂದಳು ಚಿಕ್ಕಮ್ಮ. "ಈಗಷ್ಟೇ ನರ್ಸಮ್ಮ ಕೈ ತೊಳೆದು ಸುತ್ತಿಬಿಟ್ರು. ಎಡಗೈಗೆ ಬಾಟಲಿ ಏರಿಸಿ ಹಲಗೆಗೆ ಕಟ್ಟಿದಾರೆ."

"ಒಂದೇ ಗಳಿಗೆ ಬಿಚ್ಚೋಕೆ ಹೇಳು ಚಿಕ್ಕಮ್ಮಾ."

"ಹೇಳಿದೆ ಕಣೋ. ಸುತ್ತೋಕೆ ಮುಂಚೇನೇ ಹೇಳಿದೆ, ಮಗ ಇನ್ನೊಂದ್ಸಲ ಫೋನ್ ಮಾಡ್ತಾನೆ, ತಡೀರಿ ಅಂತ. ಬೈಸ್ಕೊಂಡೆ."

ಗಂಟು ಮೇಲೆದ್ದಿತು. ಆ ಕಡೆ ವಾಲಿತು, ಈ ಕಡೆ ವಾಲಿತು, ಅಮ್ಮನ ಎದೆಯನ್ನು ಮುಟ್ಟಿ ಮುಂದೆ ಬಂತು. ಒಮ್ಮೆಯೂ ನಿಲ್ಲಲಿಲ್ಲ, ಒಡೆಯಲಿಲ್ಲ. ಕಿಡಿ ಕಣ್ಣು ಮಿಟುಕಿಸದೆ ನೋಡಿದ. ಬೆರಳಿಲ್ಲದ ಮಾತು ಒಂದೂ ತಲೆಗೆ ಹತ್ತಲಿಲ್ಲ. ಅವನು ತಲೆ ಅಲ್ಲಾಡಿಸಿದ. ಅಮ್ಮ ಮತ್ತೊಮ್ಮೆ ಮೊದಲಿನಿಂದ ಹೇಳಿದಳು. ಅವನು ಮತ್ತೆ ತಲೆ ಅಲ್ಲಾಡಿಸಿದ. ಗಂಟು ಮೆಲ್ಲಗೆ ಹೊದಿಕೆಯ ಮೇಲೆ ಇಳಿಯಿತು. ಅವಳು ಗಲ್ಲ ಎತ್ತಿ ಅವನತ್ತ ಚಾಚಿದಳು: ನೀನು ಹೇಳು.

ಒಂದು ಕೈಯಲ್ಲಿ ಫೋನು ಹಿಡಿದುಕೊಂಡು ಹೇಳುವ ಮಾತಲ್ಲ ಅದು. ದೊರೆ ಏನೂ ಕೇಳದೆ ಫೋನು ತೆಗೆದುಕೊಂಡು, ಎರಡು ಹೆಜ್ಜೆ ಹಿಂದೆ ಸರಿದು, ಎದೆಯ ಎತ್ತರಕ್ಕೆ ಹಿಡಿದು ನಿಂತ.

ಕಿಡಿ ಬೇರೇನೂ ತೋಚದೆ ಬೆಳಿಗ್ಗೆಯ ಕೆಲಸ ಹೇಳತೊಡಗಿದ. ಯಂತ್ರದಿಂದ ಒದ್ದೆ ಹಚ್ಚಡ ಎಳೆಯುವುದು. ಕೊಡವುವುದು. ಇಲ್ಲದ ಹಚ್ಚಡದ ಎರಡು ಮೂಲೆ ಹಿಡಿದು ಕೈಗಳನ್ನು ಅಗಲಿಸಿ, ಇನ್ನೆರಡು ಮೂಲೆಗಳನ್ನು ಅವಳ ಕಡೆ ಚಾಚಿದ. ಪರದೆಯಲ್ಲಿ ಬಿಳಿಯ ಗಂಟು ಹೊದಿಕೆಯಿಂದ ಮತ್ತೆ ಎದ್ದಿತು. ಇಬ್ಬರೂ ಆ ಹಚ್ಚಡವನ್ನು ಹಾಗೆಯೇ ಹಿಡಿದುಕೊಂಡಿದ್ದರು.