ಊಟದ ಹೊತ್ತಿನ ರೋಗಿಗಳು

ದೊಡ್ಡಕ್ಕನ ಅತ್ತೆ ಆ ವಾರ ನಾಲ್ಕನೇ ಸಲ ಸತ್ತಳು.

ಮೆಟ್ಟಿಲ ಕೆಳಗೆ, ಪೊರಕೆ ಮತ್ತು ಬಕೆಟ್ಟುಗಳ ನಡುವೆ, ದೊಡ್ಡಕ್ಕ ಆಗಷ್ಟೇ ಊಟದ ಡಬ್ಬಿಯ ಮುಚ್ಚಳ ತೆಗೆದಿದ್ದಳು. ಮೇಲಿನಿಂದ ಕರೆ ಬಂತು. ಡಬ್ಬಿ ಮುಚ್ಚಿ, ಫಿನಾಯಿಲ್ ನಾರುವ ಕೈಯನ್ನು ಬಟ್ಟೆಗೆ ಒರೆಸಿಕೊಂಡು ಹತ್ತಿ ಹೋದಳು. ಅತ್ತೆ ಸತ್ತ ದುಃಖ ತೋಡಿಕೊಂಡು, ಕಣ್ಣೊರೆಸಿಕೊಂಡು, ಸಮಾಧಾನ ಹೇಳಿಸಿಕೊಂಡು ಇಳಿದು ಬರುವಷ್ಟರಲ್ಲಿ ಊಟದ ಹೊತ್ತು ಮುಗಿದಿತ್ತು. ಸಂಜೆ ಮನೆಗೆ ಹೋದರೆ ಅತ್ತೆ ಬಾಗಿಲಲ್ಲೇ ಕೂತು, "ಇವತ್ತು ನಾನು ಹೇಗೆ ಸತ್ತೆನೇ?" ಎಂದು ಕೇಳಿದಳು.

"ನಿದ್ದೇಲೇ ಹೋದ್ರಿ. ಏನೂ ತೊಂದರೆ ಆಗ್ಲಿಲ್ಲ."

"ಹೋಗ್ಲಿ ಬಿಡು. ಮೊನ್ನೆ ಬಿದ್ದು ಸತ್ತಿದ್ದೆ, ಅದು ನನಗೆ ಹಿಡಿಸಿರ್ಲಿಲ್ಲ."

ನೊಂದವರ ಮಾತು ಕೇಳುವವರನ್ನು ತಯಾರು ಮಾಡುವ ತರಬೇತಿ ಕೇಂದ್ರ ಅದು. ಅಲ್ಲಿ ಕಲಿತವರು ಮುಂದೆ ಮಾನಸಿಕ ಆಸ್ಪತ್ರೆಗಳಲ್ಲಿ, ಆಶ್ರಯಮನೆಗಳಲ್ಲಿ ಕೆಲಸಕ್ಕೆ ಸೇರುತ್ತಿದ್ದರು. ಕಲಿಯುವವರಿಗೆ ಅಭ್ಯಾಸಕ್ಕೆ ರೋಗಿಗಳು ಬೇಕು. ನಿಜವಾದ ರೋಗಿಗಳ ಮೇಲೆ ಕೈ ಪಳಗಿಸುವುದು ತಪ್ಪು. ನಟರನ್ನು ಕರೆಸಿದರೆ ಖರ್ಚು. ನಿರ್ದೇಶಕರು ಬಹಳ ಯೋಚಿಸಿ ಕಸ ಗುಡಿಸುವ ನಾಲ್ವರು ಹೆಂಗಸರನ್ನು ಆರಿಸಿದರು. ತರಗತಿಗೆ ಮುಂಚೆಯೂ ಆಮೇಲೂ ಗುಡಿಸುವ ಕೆಲಸವಿರುತ್ತದೆ. ಹಾಗಾಗಿ ರೋಗಿಗಳಾಗಲು ಉಳಿದದ್ದು ಊಟದ ಹೊತ್ತು. ಒಬ್ಬೊಬ್ಬರಿಗೂ ಒಂದೊಂದು ಸಂಕಟ ಹೇಳಿಕೊಟ್ಟಿದ್ದರು. ದೊಡ್ಡಕ್ಕನಿಗೆ ಅತ್ತೆಯ ಸಾವು. ಗಿಡ್ಡಿಗೆ ಕುಡುಕ ಗಂಡ. ಪಾಪ, ಅವಳ ಗಂಡ ಚಹಾಕ್ಕೂ ಸಕ್ಕರೆ ಹಾಕಿಕೊಳ್ಳದ ದರ್ಜಿ.

ದೊಡ್ಡಕ್ಕ ಈ ಬಗ್ಗೆ ನಿರ್ದೇಶಕರನ್ನು ಕೇಳದೆ ಇರಲಿಲ್ಲ.

"ಸಾರ್, ನಮಗೂ ಹೊಟ್ಟೆ ಅಂತ ಒಂದಿದೆ. ಬೇರೆ ಹೊತ್ತಲ್ಲಿ ಕರೀರಿ."

"ನೋಡಮ್ಮ, ಇದು ಸೇವೆ. ನೀನು ಸುಮ್ಮನೆ ಕೂತ್ಕೊಂಡು ಮಾತಾಡೋದು ತಾನೆ? ಗುಡಿಸೋದಕ್ಕಿಂತ ಸುಖ ಅಲ್ವಾ?"

ಮಾತು ಮುಗಿಯುವ ಮೊದಲೇ ಅವರು ಫೋನು ಎತ್ತಿಕೊಂಡಿದ್ದರು.

ಪರೀಕ್ಷೆಯ ದಿನ ಬಂತು. ಹೊರಗಿನಿಂದ ಹಿರಿಯ ಪರೀಕ್ಷಕಿಯೊಬ್ಬರು ಬಂದಿದ್ದರು. ಪಕ್ಕದಲ್ಲಿ ನಿರ್ದೇಶಕರು ಇಸ್ತ್ರಿ ಮಾಡಿದ ಅಂಗಿಯಷ್ಟೇ ನೆಟ್ಟಗೆ ಕೂತಿದ್ದರು. ಉಳಿದ ಮೂವರು ಹೆಂಗಸರು ತಮ್ಮ ಸರದಿಗಾಗಿ ಬಾಗಿಲ ಬಳಿ ಬೆಂಚಿನ ಮೇಲಿದ್ದರು. ಪರೀಕ್ಷಕಿ ಮೊದಲೇ ಎಲ್ಲರಿಗೂ ಕೇಳುವಂತೆ ಹೇಳಿದರು: "ರೋಗಿ ಮಾತಾಡುವಾಗ ಯಾರೂ ಬಾಯಿ ಹಾಕಬಾರದು. ಒಮ್ಮೆ ಎಚ್ಚರಿಸುತ್ತೇನೆ, ಮತ್ತೆ ಹಾಕಿದರೆ ಪರೀಕ್ಷೆ ಅಲ್ಲಿಗೆ ಮುಗಿಯಿತು."

ದೊಡ್ಡಕ್ಕನ ಎದುರಿಗೆ ಕನ್ನಡಕದ ಹುಡುಗಿ ಬಂದು ಕುಳಿತಳು. ಹೊರಗೆ ಪಡಸಾಲೆಯಲ್ಲಿ ಸಿಕ್ಕರೆ 'ಏ, ಇಲ್ಲಿ ಒರೆಸು' ಎನ್ನುವವಳಲ್ಲ, ಆದರೆ ಮುಖ ನೋಡಿ ಮಾತಾಡಿದ್ದೂ ಇಲ್ಲ. ಇವತ್ತು ನೋಡಿದಳು.

"ನಿಮ್ಮನ್ನ ಕಾಡ್ತಿರೋದು ಏನು? ನಿಧಾನವಾಗಿ ಹೇಳಿ. ನನಗೆ ಅವಸರ ಇಲ್ಲ."

ದೊಡ್ಡಕ್ಕ ಅತ್ತೆಯನ್ನು ಸಾಯಿಸಲು ಬಾಯಿ ತೆರೆದಳು. ಹೊಟ್ಟೆ ಗುರ್ ಎಂದಿತು. ಎಲ್ಲರಿಗೂ ಕೇಳಿಸಿತು. ಹುಡುಗಿ ನಗಲಿಲ್ಲ, ಕಾದಳು. ಅಷ್ಟು ಹೊತ್ತು ತನ್ನ ಮಾತಿಗಾಗಿ ಯಾರೂ ಕಾದದ್ದು ದೊಡ್ಡಕ್ಕನಿಗೆ ನೆನಪಿರಲಿಲ್ಲ.

"ನನಗೆ ಹಸಿವಾಗಿದೆಯಮ್ಮ," ಎಂದಳು.

"ಹಸಿವಾಗಿದೆ," ಎಂದಳು ಹುಡುಗಿ. ಹೇಳಿದ್ದನ್ನು ತಿರುಗಿ ಹೇಳಿ, ಅರ್ಥವಾಯಿತೆಂದು ತೋರಿಸಬೇಕು. ಅದು ಅವರಿಗೆ ಕಲಿಸಿದ ರೀತಿ.

"ಇವತ್ತೊಂದಿನದ್ದಲ್ಲ. ದಿನಾ ಊಟದ ಹೊತ್ತಿಗೆ ನಮ್ಮನ್ನ ಮೇಲೆ ಕರೆದು ಅಳಿಸ್ತಾರೆ. ಡಬ್ಬಿ ಹಾಗೇ ತಣ್ಣಗಾಗುತ್ತೆ. ಕೇಳಿದ್ರೆ ಸೇವೆ ಅಂತಾರೆ."

ನಿರ್ದೇಶಕರು ಕೆಮ್ಮಿದರು. "ಇದು ಹೇಳಿಕೊಟ್ಟ—"

"ಸಾರ್," ಎಂದರು ಪರೀಕ್ಷಕಿ ಬೆರಳೆತ್ತಿ, "ರೋಗಿ ಮಾತಾಡ್ತಿದ್ದಾರೆ."

ನಿರ್ದೇಶಕರು ಕುರ್ಚಿಗೆ ಒರಗಿದರು. ಹುಡುಗಿ ಒಮ್ಮೆ ಅವರತ್ತ ನೋಡಿದಳು. ಅವಳ ಪಾಸು ಫೇಲು ಅವರ ಕೈಯಲ್ಲೂ ಇತ್ತು. ಆದರೂ ದೊಡ್ಡಕ್ಕನ ಕಡೆಗೇ ತಿರುಗಿದಳು.

"ಅಂದ್ರೆ, ನಮ್ಮ ನಿರ್ದೇಶಕರು ನಿಮ್ಮ ಊಟದ ಹೊತ್ತನ್ನ ಕಿತ್ಕೊಂಡಿದಾರೆ. ನೀವು ಹೇಳಿದ್ರೂ ಅವರು ಕೇಳಿಸ್ಕೊಂಡಿಲ್ಲ."

"ಹೂಂ ತಾಯಿ. ಎಷ್ಟು ಚೆನ್ನಾಗಿ ಹೇಳಿದ್ರಿ."

"ಅದರಿಂದ ನಿಮಗೆ ಏನನ್ನಿಸುತ್ತೆ?"

"ಸಿಟ್ಟು ಬರುತ್ತೆ. ಹೊಟ್ಟೆ ತುಂಬಿರೋರು ದುಃಖ ಕೇಳೋದು ಹೇಗೆ ಅಂತ ಕಲೀಲಿ, ಬೇಡ ಅನ್ನಲ್ಲ. ನಮ್ಮ ಅನ್ನ ತಪ್ಪಿಸಿ ಯಾಕೆ ಕಲೀಬೇಕು?"

ಪರೀಕ್ಷಕಿ ಪೆನ್ನು ಕೆಳಗಿಟ್ಟು ನಿರ್ದೇಶಕರ ಕಡೆ ಬಾಗಿದರು. "ಎಂಥ ಸಹಜ ನಟನೆ. ಹೀಗೆ ತಯಾರು ಮಾಡಿದವರು ಯಾರು ಸಾರ್, ನೀವೇನಾ?"

ನಿರ್ದೇಶಕರು ಹೌದೆನ್ನಲಾರರು, ಅಲ್ಲವೆನ್ನಲಾರರು. ಹಣೆ ಒರೆಸಿಕೊಂಡರು.

"ನಟನೆ ಅಲ್ಲಮ್ಮ," ಎಂದಳು ದೊಡ್ಡಕ್ಕ.

ಬೆಂಚಿನಿಂದ ಗಿಡ್ಡಿ ಎದ್ದಳು. "ಅವಳೊಬ್ಬಳದ್ದೂ ಅಲ್ಲ. ನನ್ನ ಸರದೀಲೂ ಇದೇ ಹೇಳೋದು. ನನ್ನ ಗಂಡನ್ನ ಇನ್ಮೇಲೆ ನಾನು ಕುಡುಕ ಅನ್ನಲ್ಲ. ಪಕ್ಕದ ಮನೆಯೋರು ನಂಬೋಕೆ ಶುರು ಮಾಡಿದಾರೆ."

ಉಳಿದಿಬ್ಬರೂ ಎದ್ದು ನಿಂತರು. ಪರೀಕ್ಷಕಿಯ ಮುಖದ ನಗು ನಿಧಾನವಾಗಿ ಇಳಿಯಿತು. ಹುಡುಗಿಗೆ ಒಳ್ಳೆಯ ಅಂಕ ಬರೆದು, ನಿರ್ದೇಶಕರಿಗೆ, "ಆಮೇಲೆ ನಿಮ್ಮ ಹತ್ತಿರ ಮಾತಾಡೋದಿದೆ," ಎಂದರು.

ಏನು ಮಾತಾಡಿದರೋ ಗೊತ್ತಿಲ್ಲ. ಸಂಜೆ ನಿರ್ದೇಶಕರು ದೊಡ್ಡಕ್ಕನನ್ನು ಕರೆದು, "ವಿಚಾರ ಮಾಡೋಣ. ಅಲ್ಲೀವರೆಗೆ ಹೇಗಿತ್ತೋ ಹಾಗೇ ನಡೀಲಿ," ಎಂದರು.

"ಆಗಲ್ಲ ಸಾರ್," ಎಂದು ದೊಡ್ಡಕ್ಕ ಪೊರಕೆ ಎತ್ತಿಕೊಂಡು ಹೊರಟಳು.

ಮರುದಿನ ಊಟದ ಹೊತ್ತಿಗೆ ನಾಲ್ವರೂ ಮೆಟ್ಟಿಲ ಕೆಳಗೆ ಹೋಗಲಿಲ್ಲ. ಮೇಲಿನ ಕೋಣೆಯ ಮೆತ್ತನೆ ಕುರ್ಚಿಗಳಲ್ಲಿ ಕೂತು ಡಬ್ಬಿ ಬಿಚ್ಚಿದರು. ತುತ್ತಿನ ನಡುವೆ ಒಬ್ಬರನ್ನೊಬ್ಬರು ಛೇಡಿಸಿ ನಗುತ್ತಿದ್ದರು. ತರಬೇತಿಯವನೊಬ್ಬ ಬಾಗಿಲು ತಟ್ಟಿ ತಲೆ ತೂರಿಸಿದ.

"ಅಭ್ಯಾಸಕ್ಕೆ ಒಬ್ಬ ರೋಗಿ ಬೇಕಿತ್ತು..."

ದೊಡ್ಡಕ್ಕ ಬಾಯಲ್ಲಿದ್ದ ತುತ್ತನ್ನು ಪೂರ್ತಿ ಅಗಿದು ನುಂಗಿದಳು.

"ಕೆಳಗೆ ನಿಮ್ಮ ಸಾಹೇಬ್ರಿದಾರೆ, ಅವರನ್ನ ಕೂರಿಸ್ಕೊಳಪ್ಪ. ಅವರಿಗೆ ನಿಜವಾಗ್ಲೂ ಸಂಕಟ ಇದೆ."